ಬೆನ್ನು ಬಾಗಿದ ಮೇಲೆ ಬರುವ ಗಾಲಿಕುರ್ಚಿ

ವಿದ್ಯಾನಗರದ ಒಂದು ಬಾಡಿಗೆ ಮನೆ. ಸಂಜೆ ಏಳು ಗಂಟೆ. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು. ಹಾಲ್‌ನಲ್ಲಿ ಚಾಪೆಯ ಮೇಲೆ ಹದಿಮೂರು ವರ್ಷದ ಹುಡುಗ ಅಂಗಾತ ಮಲಗಿದ್ದ. ಅವನ ಅಮ್ಮ ಒಂದು ಅಂಗೈಯಲ್ಲಿ ಹಿಮ್ಮಡಿ ಹಿಡಿದು, ಮುಂಗೈಯನ್ನು ಅಂಗಾಲಿಗೆ ಆನಿಸಿ, ಪಾದವನ್ನು ನಿಧಾನವಾಗಿ ಮೇಲಕ್ಕೆ ಬಾಗಿಸುತ್ತಿದ್ದರು. ಹುಡುಗ ಎಣಿಸುತ್ತಿದ್ದ. ಇಪ್ಪತ್ತಕ್ಕೆ ಬಂದಾಗ ಅಮ್ಮ ಬಿಟ್ಟರು. ಮತ್ತೆ ಒಂದರಿಂದ ಶುರು. ಪಕ್ಕದಲ್ಲಿ ಐದು ವರ್ಷದ ತಮ್ಮ ಗೋಡೆ ಹಿಡಿದು ತುದಿಗಾಲಲ್ಲಿ ಓಡಾಡುತ್ತಿದ್ದ.

ನಾವು ಹೋಗಿದ್ದು ಒಂದು ‘ಮಾನವೀಯ ವರದಿ’ ಮಾಡಲು. ಪತ್ರಿಕೋದ್ಯಮ ಓದಿದ ಎಲ್ಲರಿಗೂ ಗೊತ್ತಿರುವ ಮಾದರಿ ಅದು. ಒಂದು ಫೋಟೋ, ಅಪ್ಪ ಆಟೋ ಓಡಿಸುತ್ತಾರೆ ಎಂಬ ಸಾಲು, ‘ನೆರವಿಗೆ ಮೊರೆ’ ಎಂಬ ತಲೆಬರಹ, ಕೊನೆಗೆ ಬ್ಯಾಂಕ್ ಖಾತೆ ಸಂಖ್ಯೆ. ಆ ತಾಯಿ ನಮ್ಮ ನೋಟ್‌ಬುಕ್ ನೋಡಿ ಹೇಳಿದ್ದು ಇಷ್ಟು:

“ಅಕೌಂಟ್ ನಂಬರ್ ಹಾಕ್ಬೇಡಿ ಸಾರ್. ದುಡ್ಡು ಬಂದ್ರೂ ಈಗ ಇವನ ಬೆನ್ನು ನೆಟ್ಟಗಾಗಲ್ಲ. ಮೂರು ವರ್ಷದ ಹಿಂದೆ ನಮಗೆ ಯಾರೂ ಹೇಳ್ಲಿಲ್ವಲ್ಲ, ಅದನ್ನ ಬರೀರಿ. ದೊಡ್ಡೋನಿಗೆ ಆಗಿದ್ದು ಆಯ್ತು. ಚಿಕ್ಕೋನಿಗೆ ಹಂಗಾಗ್ಬಾರ್ದು.”

ಆ ದಿನ ನಾವು ಫೋಟೋ ತೆಗೆಯದೆ ವಾಪಸ್ ಬಂದೆವು. ಈ ಬರಹ ಅವರು ಹೇಳಿದ ಕೆಲಸ.

‘ವಿಚಿತ್ರ ಕಾಯಿಲೆ’ ಅಲ್ಲ

ಮೊದಲು ನಮ್ಮ ಮನೆಯ ಕಸ ಗುಡಿಸಿಕೊಳ್ಳೋಣ. ಕನ್ನಡ ಪತ್ರಿಕೆ, ಟಿವಿಗಳಲ್ಲಿ ಈ ಮಕ್ಕಳ ಸುದ್ದಿ ಬಂದಾಗಲೆಲ್ಲ ‘ವಿಚಿತ್ರ ಕಾಯಿಲೆ’ ಎಂಬ ಪದ ಬರುತ್ತದೆ. ನಾವೂ ಬರೆದಿದ್ದೇವೆ. ಈ ಕಾಯಿಲೆಯಲ್ಲಿ ವಿಚಿತ್ರ ಏನೂ ಇಲ್ಲ. ಫ್ರಾನ್ಸಿನ ವೈದ್ಯ ಡುಶೆನ್ 1860ರ ದಶಕದಲ್ಲೇ ಇದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಅದಕ್ಕೇ ಇದರ ಹೆಸರು ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ. ಕಾರಣವಾದ ಜೀನ್ ಯಾವುದೆಂದು 1980ರ ದಶಕದ ಕೊನೆಯ ಹೊತ್ತಿಗೆ ಗೊತ್ತಾಯಿತು. ಹುಟ್ಟುವ ಸುಮಾರು 3,500ರಿಂದ 5,000 ಗಂಡು ಮಕ್ಕಳಲ್ಲಿ ಒಬ್ಬನಿಗೆ ಇದು ಇರುತ್ತದೆ. ಅಂದರೆ ಪ್ರತಿ ತಾಲ್ಲೂಕಿನಲ್ಲೂ ಒಂದಿಷ್ಟು ಮನೆಗಳಲ್ಲಿ ಇದು ಇದ್ದೇ ಇದೆ. ‘ವಿಚಿತ್ರ’ ಎಂದ ಕೂಡಲೇ ಓದುಗ ಅಯ್ಯೋ ಪಾಪ ಎಂದು ಪುಟ ತಿರುಗಿಸುತ್ತಾನೆ. ತನ್ನ ಪಕ್ಕದ ಮನೆಯ ಮಗು ಮೆಟ್ಟಿಲು ಹತ್ತಲು ಒದ್ದಾಡುವುದು ಅವನಿಗೆ ನೆನಪಾಗುವುದಿಲ್ಲ.

ಕನ್ನಡದಲ್ಲಿ ಇದನ್ನು ‘ಸ್ನಾಯುಕ್ಷಯ’ ಎಂದೂ ಬರೆಯುತ್ತಾರೆ. ಆ ಪದದಿಂದಲೂ ಒಂದು ತೊಂದರೆಯಾಗಿದೆ. ‘ಕ್ಷಯ’ ಎಂದರೆ ಟಿಬಿ ಎಂದುಕೊಂಡು, ತಮ್ಮ ಮಕ್ಕಳನ್ನು ಈ ಮನೆಗೆ ಆಡಲು ಕಳಿಸದ ನೆರೆಯವರಿದ್ದಾರೆ. ಇದು ಅಂಟುರೋಗವಲ್ಲ. ಮಾಂಸಖಂಡಗಳನ್ನು ಗಟ್ಟಿಯಾಗಿ ಹಿಡಿದಿಡುವ ಡಿಸ್ಟ್ರೋಫಿನ್ ಎಂಬ ಪ್ರೋಟೀನು ಈ ಮಕ್ಕಳ ದೇಹದಲ್ಲಿ ತಯಾರಾಗುವುದಿಲ್ಲ. ಆದ್ದರಿಂದ ಪ್ರತಿ ಚಲನೆಯಲ್ಲೂ ಸ್ನಾಯು ಸ್ವಲ್ಪ ಸ್ವಲ್ಪವೇ ಹರಿಯುತ್ತದೆ. ಹರಿದ ಜಾಗದಲ್ಲಿ ಕೊಬ್ಬು ಮತ್ತು ಗಾಯದ ಅಂಗಾಂಶ ತುಂಬುತ್ತದೆ. ಮೀನಖಂಡ ನೋಡಲು ದಪ್ಪಗಿರುತ್ತದೆ, ಒಳಗೆ ಶಕ್ತಿ ಇರುವುದಿಲ್ಲ.

ಜೀನ್ ದೋಷ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಹಾಗಾಗಿ ಕಾಯಿಲೆ ಕಾಣಿಸಿಕೊಳ್ಳುವುದು ಬಹುಪಾಲು ಗಂಡು ಮಕ್ಕಳಲ್ಲಿ. ‘ನಿನ್ನಿಂದಲೇ ಬಂದಿದ್ದು’ ಎಂದು ಸೊಸೆಯನ್ನು ಹಂಗಿಸುವ ಮನೆಗಳಿಗೆ ಒಂದು ಮಾತು: ಸುಮಾರು ಮೂರರಲ್ಲಿ ಒಂದು ಪ್ರಕರಣದಲ್ಲಿ ತಾಯಿಯಲ್ಲಿ ದೋಷವೇ ಇರುವುದಿಲ್ಲ, ಅದು ಮಗುವಿನಲ್ಲೇ ಹೊಸದಾಗಿ ಉಂಟಾಗಿರುತ್ತದೆ. ಉಳಿದ ಪ್ರಕರಣಗಳಲ್ಲೂ ತಾಯಿ ಅದನ್ನು ಆರಿಸಿಕೊಂಡವಳಲ್ಲ. ಅಪ್ಪನ ಮೂಗು ಮಗನಿಗೆ ಬಂದರೆ ಅಪ್ಪನನ್ನು ಯಾರೂ ಬೈಯುವುದಿಲ್ಲವಲ್ಲ.

ದೇಹ ಹೇಗೆ ಬಾಗುತ್ತದೆ

ಕಾಯಿಲೆಗೆ ಸಂಪೂರ್ಣ ವಾಸಿಯಾಗುವ ಮದ್ದು ಇನ್ನೂ ಇಲ್ಲ. ಇದು ನಿಜ. ಆದರೆ ಈ ಒಂದು ನಿಜದ ಹಿಂದೆ ಇನ್ನೊಂದು ನಿಜ ಮುಚ್ಚಿಹೋಗುತ್ತದೆ. ಈ ಮಕ್ಕಳು ಅನುಭವಿಸುವ ನೋವಿನಲ್ಲಿ ದೊಡ್ಡ ಪಾಲು ಬರುವುದು ಕೀಲುಗಳು ಸೆಟೆದುಕೊಳ್ಳುವುದರಿಂದ ಮತ್ತು ಬೆನ್ನು ಬಾಗುವುದರಿಂದ. ಇವನ್ನು ಪೂರ್ತಿ ತಡೆಯಲು ಆಗದಿದ್ದರೂ ಮುಂದೂಡಬಹುದು, ಕಡಿಮೆ ಮಾಡಬಹುದು. ಅದಕ್ಕೆ ಬೇಕಾದದ್ದರಲ್ಲಿ ಬಹುಪಾಲು ಶಿವಮೊಗ್ಗದಲ್ಲೇ ಸಿಗುವಂಥದ್ದು.

ಇದು ಆಗುವ ಬಗೆ ಹೀಗೆ. ಕಾಲಿನ ಹಿಂಬದಿಯ ಸ್ನಾಯುಗಳಿಗಿಂತ ಮುಂಬದಿಯವು ಬೇಗ ಸೋಲುತ್ತವೆ. ಹಗ್ಗದಾಟದಲ್ಲಿ ಒಂದು ತಂಡ ಕೈಬಿಟ್ಟಂತೆ ಪಾದ ಕೆಳಕ್ಕೆ ಎಳೆದುಕೊಳ್ಳುತ್ತದೆ. ಮಗು ತುದಿಗಾಲಲ್ಲಿ ನಡೆಯುತ್ತದೆ. ಸೊಂಟದ ಸ್ನಾಯು ಸೋತದ್ದರಿಂದ ಬೀಳದಿರಲು ಹೊಟ್ಟೆ ಮುಂದೆ ಮಾಡಿ, ಎದೆ ಹಿಂದಕ್ಕೆ ಹಾಕಿ ನಿಲ್ಲುತ್ತದೆ. ನೆಲದಿಂದ ಏಳುವಾಗ ತನ್ನ ಮಂಡಿ, ತೊಡೆಗಳ ಮೇಲೆ ತಾನೇ ಕೈಯೂರಿ ಹತ್ತುವಂತೆ ಏಳುತ್ತದೆ. ವೈದ್ಯರು ಇದನ್ನು ಗೋವರ್ಸ್ ಚಿಹ್ನೆ ಎನ್ನುತ್ತಾರೆ. ಚಿಕಿತ್ಸೆ ಸಿಗದ ಮಕ್ಕಳು ಸಾಮಾನ್ಯವಾಗಿ ಹನ್ನೆರಡರ ಆಸುಪಾಸಿನಲ್ಲಿ, ಎಷ್ಟೋ ಜನ ಅದಕ್ಕೂ ಮೊದಲೇ, ನಡಿಗೆ ನಿಲ್ಲಿಸುತ್ತಾರೆ.

ಆಮೇಲೆ ದಿನವಿಡೀ ಕೂತಿರುವುದು. ಮಂಡಿ ಮಡಚಿ, ಸೊಂಟ ಮಡಚಿ, ಮೊಣಕೈ ಮಡಚಿ. ಮಡಚಿದ ಕೀಲು ಮಡಚಿದಂತೆಯೇ ಬಿಗಿಯುತ್ತದೆ. ಬೆನ್ನುಮೂಳೆಯನ್ನು ಎರಡೂ ಕಡೆಯಿಂದ ಹಿಡಿದಿಡಬೇಕಾದ ಸ್ನಾಯುಗಳಿಗೆ ಬಲವಿಲ್ಲದ್ದರಿಂದ ಹುಡುಗ ಒಂದು ಪಕ್ಕಕ್ಕೆ ವಾಲುತ್ತಾನೆ. ಬೀಳಬಾರದೆಂದು ಒಂದು ಕೈಯನ್ನು ಕುರ್ಚಿಯ ತೋಳಿಗೆ ಊರುತ್ತಾನೆ. ಸೊಂಟದ ಒಂದು ಬದಿ ಮೇಲೇರುತ್ತದೆ. ಮೂಳೆ ವಾಲುವುದಷ್ಟೇ ಅಲ್ಲ, ತಿರುಚಿಕೊಳ್ಳುತ್ತದೆ ಕೂಡ. ಇದೇ ಸ್ಕೋಲಿಯೋಸಿಸ್. ಹದಿಹರೆಯದಲ್ಲಿ ಎತ್ತರ ಬೆಳೆಯುವ ಒಂದೆರಡು ವರ್ಷಗಳಲ್ಲಿ ಇದು ಓಟದ ವೇಗದಲ್ಲಿ ಸಾಗುತ್ತದೆ.

ಬಾಗಿದ ಬೆನ್ನು ನೋಡಲು ಚೆಂದ ಕಾಣುವುದಿಲ್ಲ ಎಂಬುದು ಇಲ್ಲಿ ವಿಷಯವೇ ಅಲ್ಲ. ಪಕ್ಕೆಲುಬುಗಳು ಒತ್ತಿಕೊಂಡು, ಮೊದಲೇ ಸೋತಿರುವ ಉಸಿರಾಟಕ್ಕೆ ಜಾಗ ಕಡಿಮೆಯಾಗುತ್ತದೆ. ಮೈಯ ಭಾರವೆಲ್ಲ ಒಂದೇ ಕುಂಡೆಯ ಮೇಲೆ ಬಿದ್ದು ಅರ್ಧ ಗಂಟೆ ಕೂರಲೂ ಆಗದಷ್ಟು ನೋವು ಬರುತ್ತದೆ. ಊರಿಕೊಂಡ ಕೈಗೆ ಪೆನ್ನು ಹಿಡಿಯಲು ಬಿಡುವಿಲ್ಲ. ಕೂರಲಾಗದವನು ಶಾಲೆಗೆ ಹೋಗಲಾರ. ವಿದ್ಯಾನಗರದ ಹುಡುಗನ ಶಾಲೆ ನಿಂತದ್ದು ಹೀಗೇ. ಅವನ ತಲೆ ಚುರುಕಾಗಿತ್ತು, ಗಣಿತದಲ್ಲಿ ಅವನೇ ಮುಂದಿದ್ದ. ಅವನಿಗೆ ತರಗತಿಯಲ್ಲಿ ಕೂರಲು ಬೆನ್ನು ಇರಲಿಲ್ಲ, ಅಷ್ಟೇ.

ಏನು ಮಾಡಬಹುದಿತ್ತು

ಡುಶೆನ್ ಇರುವವರ ಆರೈಕೆ ಹೇಗಿರಬೇಕು ಎಂಬುದಕ್ಕೆ ಅಂತರರಾಷ್ಟ್ರೀಯ ತಜ್ಞರ ಮಾರ್ಗಸೂಚಿ ಇದೆ. ಮೊದಲು 2010ರಲ್ಲಿ, ಪರಿಷ್ಕರಿಸಿ 2018ರಲ್ಲಿ, ಲ್ಯಾನ್ಸೆಟ್ ನ್ಯೂರಾಲಜಿ ಪತ್ರಿಕೆಯಲ್ಲಿ ಅದು ಪ್ರಕಟವಾಗಿದೆ. ಅದರಲ್ಲಿ ಬೆನ್ನು ಮತ್ತು ಕೈಕಾಲಿನ ಬಗ್ಗೆ ಇರುವುದನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ.

ಒಂದು, ಹಿಗ್ಗಿಸುವ ವ್ಯಾಯಾಮ. ಹಿಮ್ಮಡಿ, ಮಂಡಿ, ಸೊಂಟ, ಮುಂದೆ ಮೊಣಕೈ, ಮಣಿಕಟ್ಟು, ಬೆರಳು. ವಾರಕ್ಕೆ ಕನಿಷ್ಠ ನಾಲ್ಕರಿಂದ ಆರು ದಿನ. ಇದನ್ನು ಮನೆಯವರೇ ಮಾಡಬಹುದು, ಆದರೆ ಫಿಸಿಯೋಥೆರಪಿಸ್ಟ್ ಒಮ್ಮೆ ಕೈಹಿಡಿದು ಕಲಿಸಿರಬೇಕು. ಕೀಲು ಬಿಗಿದ ಮೇಲಲ್ಲ, ಬಿಗಿಯುವ ಮುನ್ನವೇ ಶುರುವಾಗಬೇಕು.

ಎರಡು, ರಾತ್ರಿ ಮಲಗುವಾಗ ಪಾದ ನೇರವಾಗಿರುವಂತೆ ಹಿಡಿದಿಡುವ ಪ್ಲಾಸ್ಟಿಕ್ ಸ್ಪ್ಲಿಂಟ್. ಇದು ಆ ಮಗುವಿನ ಕಾಲಿನ ಅಳತೆಗೇ ಮಾಡಿದ್ದಾಗಿರಬೇಕು. ನಡೆಯುವ ಮಗುವಿಗೆ ಹಗಲಲ್ಲಿ ಇದನ್ನು ಹಾಕಿಸಿದರೆ ಸಾಮಾನ್ಯವಾಗಿ ನಡಿಗೆಗೇ ಅಡ್ಡಿ. ತುದಿಗಾಲಲ್ಲಿ ನಡೆಯುವುದು ಆ ಮಗು ಬೀಳದಿರಲು ತಾನೇ ಕಂಡುಕೊಂಡ ಉಪಾಯ.

ಮೂರು, ಸ್ಟೀರಾಯ್ಡ್ ಮಾತ್ರೆ. ಪ್ರೆಡ್ನಿಸೋಲೋನ್ ಅಥವಾ ಡಿಫ್ಲಝಾಕಾರ್ಟ್. ಸರಿಯಾದ ವಯಸ್ಸಿನಲ್ಲಿ ವೈದ್ಯರ ನಿಗಾದಲ್ಲಿ ಶುರುಮಾಡಿದರೆ ನಡಿಗೆ ಕೆಲವು ವರ್ಷ ಹೆಚ್ಚು ಉಳಿಯುತ್ತದೆ. ಬೆನ್ನು ಬಾಗುವ ಸಾಧ್ಯತೆಯೂ ಕಡಿಮೆಯಾಗುತ್ತದೆ. ಅಡ್ಡ ಪರಿಣಾಮಗಳೂ ಇವೆ: ತೂಕ ಏರುತ್ತದೆ, ಎತ್ತರ ಬೆಳೆಯುವುದು ತಗ್ಗುತ್ತದೆ, ಮೂಳೆ ಸವೆಯುತ್ತದೆ. ಹಾಗಾಗಿ ಮೂಳೆಯ ಆರೋಗ್ಯ, ವಿಟಮಿನ್ ಡಿ ನೋಡುತ್ತಿರಬೇಕು. ಹುಡುಗ ಬೆನ್ನುನೋವು ಎಂದರೆ ಬೆನ್ನುಮೂಳೆ ಕುಸಿದಿದೆಯೇ ಎಂದು ಪರೀಕ್ಷಿಸಬೇಕು. ಇದು ಅಗ್ಗದ ಮಾತ್ರೆ, ಯಾವ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ. ಆದರೆ ನೀವೇ ಶುರುಮಾಡಬಾರದು. ಶುರುವಾದದ್ದನ್ನು ಒಮ್ಮೆಲೇ ನಿಲ್ಲಿಸಲೂ ಬಾರದು, ಅದರಿಂದ ಜೀವಕ್ಕೇ ಅಪಾಯ.

ನಾಲ್ಕು, ನಿಲ್ಲಿಸುವುದು. ನಡಿಗೆ ಕಷ್ಟವಾದಾಗ ಚೌಕಟ್ಟಿನ ಆಸರೆಯಲ್ಲಿ ದಿನಕ್ಕಿಷ್ಟು ಹೊತ್ತು ನಿಲ್ಲಿಸಿದರೆ ಕಾಲಿನ ಕೀಲು ಬಿಗಿಯುವುದು ತಡವಾಗುತ್ತದೆ.

ಐದು, ಕುರ್ಚಿ. ಗಟ್ಟಿ ಸಮತಟ್ಟಾದ ಸೀಟು, ಗಟ್ಟಿ ಬೆನ್ನು, ಎರಡೂ ಪಕ್ಕೆಗೆ ಆಸರೆ, ಸೊಂಟ ಒಂದೇ ಮಟ್ಟದಲ್ಲಿ ಇರುವಂತೆ ಅಳತೆ, ಪಾದ ನೇರವಾಗಿ ಕೂರುವ ಪಾದಪೀಠ.

ಆರು, ಎಕ್ಸ್‌ರೇ. ನಡೆಯುತ್ತಿರುವಾಗ ಪ್ರತಿ ಭೇಟಿಯಲ್ಲೂ ವೈದ್ಯರು ಅಂಗಿ ತೆಗೆಸಿ ಬೆನ್ನು ನೋಡಬೇಕು. ಗಾಲಿಕುರ್ಚಿ ಬಂದ ಹೊತ್ತಿಗೆ ಕೂತ ಭಂಗಿಯಲ್ಲಿ ಇಡೀ ಬೆನ್ನಿನ ಮೊದಲ ಎಕ್ಸ್‌ರೇ ಆಗಬೇಕು. ಆಮೇಲೆ ವರ್ಷಕ್ಕೊಮ್ಮೆ, ಬಾಗು 20 ಡಿಗ್ರಿ ದಾಟಿದರೆ ಆರು ತಿಂಗಳಿಗೊಮ್ಮೆ, ಜೊತೆಗೆ ಬೆನ್ನುಮೂಳೆ ಶಸ್ತ್ರಚಿಕಿತ್ಸಕರ ಭೇಟಿ.

ಏಳು, ಶಸ್ತ್ರಚಿಕಿತ್ಸೆ. ಬೆನ್ನುಮೂಳೆಗೆ ಲೋಹದ ಸರಳು, ಸ್ಕ್ರೂಗಳನ್ನು ಹಾಕಿ ಅದನ್ನು ಆದಷ್ಟು ನೇರ ಮಾಡಿ ಬೆಸೆಯುತ್ತಾರೆ. ಹೋದ ಸ್ನಾಯು ಇದರಿಂದ ವಾಪಸ್ ಬರುವುದಿಲ್ಲ. ಆದರೆ ನೋವಿಲ್ಲದೆ ಕೂರಲು ಆಗುತ್ತದೆ, ಎರಡೂ ಕೈ ಕೆಲಸಕ್ಕೆ ಬಿಡುವಾಗುತ್ತವೆ. ಇದಕ್ಕೊಂದು ಕಾಲ ಇದೆ. ಶ್ವಾಸಕೋಶ ಮತ್ತು ಹೃದಯ ಇನ್ನೂ ಶಸ್ತ್ರಚಿಕಿತ್ಸೆ ತಡೆದುಕೊಳ್ಳುವ ಸ್ಥಿತಿಯಲ್ಲಿರುವಾಗಲೇ ಆಗಬೇಕು. ಬಾಗು ಹೆಚ್ಚಾದಷ್ಟೂ, ಉಸಿರು ತಗ್ಗಿದಷ್ಟೂ ಅಪಾಯ ಜಾಸ್ತಿ. ಸೊಂಟಕ್ಕೆ ಬೆಲ್ಟ್ ಕಟ್ಟಿ ಈ ಬಾಗನ್ನು ತಡೆಯಬಹುದೆಂದು ನಂಬಿ ವರ್ಷ ಕಳೆಯುವವರಿದ್ದಾರೆ. ಡುಶೆನ್‌ನಲ್ಲಿ ಬೆಲ್ಟಿನಿಂದ ಬಾಗು ನಿಲ್ಲುವುದಿಲ್ಲ.

ಈ ಏಳರಲ್ಲಿ ಆರಕ್ಕೆ ಕೋಟಿ ರೂಪಾಯಿ ಬೇಡ. ಬೇಕಿರುವುದು ಸಕಾಲದಲ್ಲಿ ಹೇಳುವ ಒಬ್ಬ ಮನುಷ್ಯ.

ವಿದ್ಯಾನಗರದ ಮನೆಯಲ್ಲಿ ಆದದ್ದು

ಆ ಹುಡುಗ ಆರು ವರ್ಷದವನಿದ್ದಾಗಲೇ ಆಗಾಗ ಬೀಳುತ್ತಿದ್ದ. ಶಾಲೆಯಲ್ಲಿ ಸೋಮಾರಿ ಎಂದರು. ಒಬ್ಬ ವೈದ್ಯರು ಟಾನಿಕ್ ಬರೆದುಕೊಟ್ಟರು. ನೆಂಟರೊಬ್ಬರು ‘ಪೋಲಿಯೋ ಇರಬೇಕು’ ಎಂದರು. ಇನ್ನೊಬ್ಬರು ಎಣ್ಣೆ ಹಚ್ಚಿ ತಿಕ್ಕಿ, ಬೆಳಿಗ್ಗೆ ಬಸ್ಕಿ ಹೊಡೆಸಿ ಎಂದರು. ಅಪ್ಪ ದಿನಾ ಐವತ್ತು ಬಸ್ಕಿ ಹೊಡೆಸಿದರು. ದುರ್ಬಲ ಸ್ನಾಯುವಿಗೆ ಬಲವಂತದ ಕಸರತ್ತು ಕೊಟ್ಟರೆ ಅದು ಇನ್ನಷ್ಟು ಹರಿಯುತ್ತದೆ ಎಂದು ಗೊತ್ತಾದ ದಿನ ಆ ಅಪ್ಪ ಊಟ ಮಾಡಲಿಲ್ಲವಂತೆ. ಕಾಯಿಲೆ ಯಾವುದೆಂದು ತಿಳಿಯುವ ಹೊತ್ತಿಗೆ ಹುಡುಗನಿಗೆ ಒಂಬತ್ತು ತುಂಬಿತ್ತು. ಸಿಪಿಕೆ ಎಂಬ ಸಾಧಾರಣ ರಕ್ತಪರೀಕ್ಷೆ ಮೂರು ವರ್ಷ ಮೊದಲೇ ದಾರಿ ತೋರಿಸುತ್ತಿತ್ತು.

ಹೆಸರು ತಿಳಿದ ಮೇಲೂ ಯಾರೂ ಹಿಮ್ಮಡಿ ಹಿಗ್ಗಿಸಲು ಹೇಳಿಕೊಡಲಿಲ್ಲ. ‘ಇದಕ್ಕೆ ಚಿಕಿತ್ಸೆ ಇಲ್ಲ, ಮನೆಗೆ ಕರ್ಕೊಂಡು ಹೋಗಿ ಚೆನ್ನಾಗಿ ನೋಡ್ಕೊಳ್ಳಿ’ ಎಂದರು. ಅವರು ಕರೆದುಕೊಂಡು ಬಂದರು, ಚೆನ್ನಾಗಿ ನೋಡಿಕೊಂಡರು. ‘ಚೆನ್ನಾಗಿ’ ಎಂದರೆ ಎತ್ತಿಕೊಂಡು ಓಡಾಡುವುದು, ದಿಂಬು ಒರಗಿಸಿ ಕೂರಿಸುವುದು ಎಂದುಕೊಂಡರು. ಬೇರೆ ಅರ್ಥ ಇದೆ ಎಂದು ಹೇಳಿದವರಿಲ್ಲ.

ಹನ್ನೊಂದಕ್ಕೆ ನಡಿಗೆ ನಿಂತಿತು. ಗಾಲಿಕುರ್ಚಿಗೆ ಅರ್ಜಿ ಹಾಕಿ ಒಂದೂವರೆ ವರ್ಷ ಕಾದರು. ಒಂದು ಶಿಬಿರದಲ್ಲಿ ಕುರ್ಚಿ ಬಂತು, ಹಾರ ಹಾಕಿ ಫೋಟೋ ತೆಗೆದರು. ದೊಡ್ಡವರ ಅಳತೆಯ ಮಡಚುವ ಕುರ್ಚಿ. ರೆಕ್ಸಿನ್ ಸೀಟು ಕೂತ ಕೂಡಲೇ ಜೋಲಿಯಂತೆ ನಡುವೆ ಕುಗ್ಗುತ್ತದೆ. ಎರಡೂ ಪಕ್ಕಕ್ಕೆ ನಾಲ್ಕು ನಾಲ್ಕು ಬೆರಳು ಜಾಗ ಖಾಲಿ. ಹುಡುಗ ಅದರಲ್ಲಿ ವಾಲಿಯೇ ಕೂರಬೇಕು. ಯಾರೂ ಕೆಟ್ಟ ಮನಸ್ಸಿನಿಂದ ಕೊಟ್ಟದ್ದಲ್ಲ. ಕಾಲು ಕಳೆದುಕೊಂಡ, ಆದರೆ ಬೆನ್ನು ಗಟ್ಟಿಯಿರುವ ದೊಡ್ಡವರಿಗೆ ಆ ಕುರ್ಚಿ ಸರಿ. ಬೆನ್ನೇ ಸೋತ ಮಗುವಿಗೆ ಅದೇ ಕುರ್ಚಿ ಬೆನ್ನು ಬಾಗಿಸುವ ಯಂತ್ರ. ಹಂಚುವವರು ಕುರ್ಚಿಗಳನ್ನು ಎಣಿಸಿದರು, ಕೂರುವ ಮಗುವನ್ನು ಅಳೆಯಲಿಲ್ಲ.

ಮೊದಲ ಎಕ್ಸ್‌ರೇ ಆದಾಗ ಬಾಗು 48 ಡಿಗ್ರಿ. ಬೆಂಗಳೂರಿಗೆ ಸುಮಾರು 300 ಕಿಲೋಮೀಟರ್. ಅಷ್ಟು ದೂರ ಬಸ್ಸಿನಲ್ಲಿ ಅಪ್ಪನ ತೊಡೆಯ ಮೇಲೆ ಮಲಗಿಸಿಕೊಂಡು ಹೋದರು. ‘ಸ್ವಲ್ಪ ಮುಂಚೆ ಬಂದಿದ್ದರೆ ಚೆನ್ನಾಗಿತ್ತು’ ಎಂದರಂತೆ ಅಲ್ಲಿ. ಈಗ ಶಸ್ತ್ರಚಿಕಿತ್ಸೆ ಸಾಧ್ಯ, ಆದರೆ ಉಸಿರಾಟದ ಶಕ್ತಿ ಕಡಿಮೆಯಾಗಿರುವುದರಿಂದ ಅಪಾಯ ಹೆಚ್ಚು. ಮುಂದಿನ ತಿಂಗಳು ಮತ್ತೆ ಪರೀಕ್ಷೆ. ಅದನ್ನು ನೋಡಿ ಆ ಅಪ್ಪ ಅಮ್ಮ ಹೌದು ಅಥವಾ ಬೇಡ ಎನ್ನಬೇಕು. ಹುಡುಗನನ್ನೂ ಕೇಳಿದ್ದಾರೆ. “ಕೂತ್ಕೊಳ್ಳೋಕೆ ಆಗುತ್ತೆ ಅಂದ್ರೆ ಮಾಡಿಸಿ” ಎಂದಿದ್ದಾನೆ.

ಕೋಟಿಯ ಇಂಜೆಕ್ಷನ್ ಮತ್ತು ಸಾವಿರದ ಸ್ಪ್ಲಿಂಟ್

ನಾವು ಮಾಧ್ಯಮದವರಿಗೆ ಕೋಟಿ ಎಂಬ ಪದ ಇಷ್ಟ. 2023ರ ಜೂನ್‌ನಲ್ಲಿ ಅಮೆರಿಕದಲ್ಲಿ ಡುಶೆನ್‌ಗೆ ಎಲೆವಿಡಿಸ್ ಎಂಬ ಜೀನ್ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ಬೆಲೆ 32 ಲಕ್ಷ ಡಾಲರ್. 2025ರಲ್ಲಿ ಅದನ್ನು ಪಡೆದ, ನಡೆಯಲಾಗದ ಇಬ್ಬರು ಹದಿಹರೆಯದ ಹುಡುಗರು ಯಕೃತ್ತು ವಿಫಲವಾಗಿ ತೀರಿಕೊಂಡರು. ಸಂಶೋಧನೆ ಬೇಡ ಎಂದು ನಾವು ಹೇಳುತ್ತಿಲ್ಲ. ಬೆಂಗಳೂರಿನಲ್ಲೇ ಇಂಥ ಮಕ್ಕಳ ಪೋಷಕರು ಡಾರ್ಟ್ ಎಂಬ ಸಂಸ್ಥೆ ಕಟ್ಟಿ ಸಂಶೋಧನೆಗೆ ಇಳಿದಿದ್ದಾರೆ, ಅವರಿಗೆ ನಮ್ಮ ಗೌರವವಿದೆ. ಕೇಂದ್ರದ 2021ರ ಅಪರೂಪದ ಕಾಯಿಲೆಗಳ ನೀತಿಯ ಪಟ್ಟಿಯಲ್ಲಿ ಡುಶೆನ್ ಇದೆ, ಗುರುತಿಸಿದ ಕೇಂದ್ರಗಳ ಮೂಲಕ ಒಬ್ಬರಿಗೆ 50 ಲಕ್ಷ ರೂಪಾಯಿವರೆಗೆ ನೆರವಿನ ಅವಕಾಶವೂ ಇದೆ. ಅದಕ್ಕಾಗಿ ನಡೆಯುವ ಹೋರಾಟವೂ ನ್ಯಾಯವಾದದ್ದು.

ಆದರೆ ನಾಳೆ ಬರುವ ಮದ್ದಿಗೆ ಕಾಯುವಾಗ ಇವತ್ತಿನ ಬೆನ್ನು ಕಾಯುವುದಿಲ್ಲ. ಮುಂದೊಂದು ದಿನ ಒಳ್ಳೆಯ ಔಷಧ ಬಂದರೂ ಅದು ಉಳಿದಿರುವ ಸ್ನಾಯುವನ್ನು ಕಾಪಾಡಬಹುದೇ ಹೊರತು ಬಾಗಿ ಬೆಸೆದುಹೋದ ಕೀಲನ್ನು ಬಿಡಿಸಲಾರದು. ಔಷಧ ಬರುವ ದಿನಕ್ಕೆ ಮಗುವನ್ನು ನೆಟ್ಟಗೆ ಕೂರಿಸಿ ಇಡುವ ಕೆಲಸ ಯಾರದು? ಕೋಟಿಯ ಇಂಜೆಕ್ಷನ್‌ಗೆ ನಾವು ಹತ್ತು ಸುದ್ದಿ ಮಾಡಿದೆವು. ರಾತ್ರಿಯ ಸ್ಪ್ಲಿಂಟ್ ಬಗ್ಗೆ ಒಂದನ್ನೂ ಮಾಡಲಿಲ್ಲ.

ಇನ್ನೊಂದು ಮಾತು ಕೇಳಿಬರುತ್ತದೆ. ಯಾರೂ ಜೋರಾಗಿ ಹೇಳುವುದಿಲ್ಲ, ಆದರೆ ಹೇಳುತ್ತಾರೆ: ‘ಹೇಗೂ ಬಹಳ ದಿನ ಬದುಕುವ ಮಕ್ಕಳಲ್ಲ, ಯಾಕೆ ಇಷ್ಟು ಖರ್ಚು, ಯಾಕೆ ಇಷ್ಟು ಹಿಂಸೆ?’ ಇದಕ್ಕೆ ನಮ್ಮ ಉತ್ತರ ಎರಡು. ಮೊದಲನೆಯದು, ಅದು ಹಳೆಯ ಲೆಕ್ಕ. ಸ್ಟೀರಾಯ್ಡ್, ಹೃದಯದ ಔಷಧ, ರಾತ್ರಿ ಮೂಗಿಗೆ ಹಾಕುವ ಉಸಿರಾಟದ ಯಂತ್ರ ಇವು ಸಿಕ್ಕ ಕಡೆ ಡುಶೆನ್ ಇರುವವರು ಮೂವತ್ತು ದಾಟಿ ಬದುಕುತ್ತಿದ್ದಾರೆ, ಓದುತ್ತಿದ್ದಾರೆ, ಕೆಲಸ ಮಾಡುತ್ತಿದ್ದಾರೆ. ಬೆಕರ್, ಲಿಂಬ್ ಗರ್ಡಲ್‌ನಂಥ ಬೇರೆ ಬಗೆಯ ಡಿಸ್ಟ್ರೋಫಿಗಳಲ್ಲಿ ಆಯುಷ್ಯ ಇನ್ನೂ ಹೆಚ್ಚು. ಹಿಮಾಚಲದ ಸೋಲನ್‌ನಲ್ಲಿ ಈ ಕಾಯಿಲೆ ಇರುವವರೇ ಮುಂದೆ ನಿಂತು ನಡೆಸುವ ಪುನರ್ವಸತಿ ಕೇಂದ್ರವಿದೆ, ಕೇರಳದಲ್ಲಿ ಅವರದೇ ಸಂಘಟನೆ ಇದೆ. ಎರಡನೆಯದು, ಐದೇ ವರ್ಷ ಬದುಕುವುದಾದರೂ ಆ ಐದು ವರ್ಷ ನೋವಿಲ್ಲದೆ ಕೂತು ಬದುಕುವ ಹಕ್ಕು ಇದೆ. ಎಷ್ಟು ದಿನ ಬದುಕುತ್ತಾನೆ ಎಂದು ಕೇಳಿ ಯಾರೂ ಮಗುವಿಗೆ ಅನ್ನ ಬಡಿಸುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಏನಾಗಬೇಕು

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮಸ್ಕ್ಯುಲರ್ ಡಿಸ್ಟ್ರೋಫಿಯನ್ನು 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಹೆಸರಿಸಿಯೇ ಸೇರಿಸಿದೆ. ಅದೇ ಕಾಯ್ದೆಯ 25ನೇ ಸೆಕ್ಷನ್, ಕುಟುಂಬದ ಆದಾಯಕ್ಕೆ ಒಳಪಟ್ಟು, ಸಮೀಪದಲ್ಲೇ, ಅದರಲ್ಲೂ ಗ್ರಾಮೀಣ ಪ್ರದೇಶದಲ್ಲಿ, ಉಚಿತ ಆರೋಗ್ಯಸೇವೆ ಸಿಗಬೇಕು ಎನ್ನುತ್ತದೆ. ‘ಸಮೀಪದಲ್ಲೇ’ ಎಂಬ ಆ ಒಂದು ಪದವನ್ನು ಹಿಡಿದು ನಾವು ಕೇಳುವುದು ನಾಲ್ಕೇ ವಿಷಯ.

ಮೊದಲನೆಯದು, ಗುರುತಿಸುವುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದರ ತಂಡಗಳು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸರ್ಕಾರಿ ಶಾಲೆಗೆ ಹೋಗಬೇಕು. ಆ ಭೇಟಿಯಲ್ಲಿ ಪ್ರತಿ ಮಗುವನ್ನೂ ನೆಲದ ಮೇಲೆ ಕೂರಿಸಿ ‘ಏಳು ಪುಟ್ಟಾ’ ಎಂದು ಹೇಳಿ ನೋಡಿದರೆ ಸಾಕು. ತೊಡೆ ಹಿಡಿದು ಏಳುವ ಮಗುವಿಗೆ ಸಿಪಿಕೆ ಪರೀಕ್ಷೆ ಬರೆಯಬೇಕು. ಅಂಗನವಾಡಿ ಕಾರ್ಯಕರ್ತೆಗೆ, ಪಿ.ಟಿ. ಮಾಸ್ತರಿಗೆ ಇದನ್ನು ಕಲಿಸಲು ಅರ್ಧ ಗಂಟೆ ಸಾಕು.

ಎರಡನೆಯದು, ಒಂದು ದಿನ, ಒಂದು ಕೋಣೆ. ಮೆಗ್ಗಾನ್‌ನಂಥ ಬೋಧನಾ ಆಸ್ಪತ್ರೆಯಲ್ಲಿ ಮಕ್ಕಳ ತಜ್ಞರು, ಮೂಳೆ ತಜ್ಞರು, ಶ್ವಾಸಕೋಶ ತಜ್ಞರು ಒಂದೇ ಆವರಣದಲ್ಲಿದ್ದಾರೆ. ಹೀಗೆ ಎಲ್ಲರೂ ಇರುವ ಪ್ರತಿ ಜಿಲ್ಲೆಯಲ್ಲೂ ತಿಂಗಳಿಗೊಂದು ಗೊತ್ತುಪಡಿಸಿದ ದಿನ ಇವರೆಲ್ಲ ಫಿಸಿಯೋಥೆರಪಿಸ್ಟ್ ಜೊತೆ ಒಂದೇ ಕಡೆ ಕೂತು ಈ ಮಕ್ಕಳನ್ನು ನೋಡಲಿ. ನಡೆಯಲಾಗದ ಮಗುವನ್ನು ಹೊತ್ತುಕೊಂಡು ನಾಲ್ಕು ದಿನ ನಾಲ್ಕು ಕೌಂಟರ್‌ಗೆ ಅಲೆಯುವ ಕೆಲಸ ಅಪ್ಪನಿಗೆ ತಪ್ಪುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ಗೆ ಯಾವಾಗ ಹೋಗಬೇಕು, ಬೆನ್ನಿನ ಶಸ್ತ್ರಚಿಕಿತ್ಸೆಗೆ ಯಾವಾಗ ಕಳಿಸಬೇಕು ಎಂಬುದು ಆ ಕೋಣೆಯಲ್ಲಿ ತೀರ್ಮಾನವಾಗಲಿ. ಆಗ ದೂರದ ಊರಿಗೆ ಹೋಗುವುದು ತಡವಾಗಿ, ದಿಕ್ಕೆಟ್ಟು ಆಗುವುದಿಲ್ಲ.

ಮೂರನೆಯದು, ಮನೆಗೆ ಬರುವ ಕೈ. ನಮ್ಮ ರಾಜ್ಯದಲ್ಲಿ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಬಿಆರ್‌ಸಿಗಳಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಸಂಪನ್ಮೂಲ ಶಿಕ್ಷಕರಿದ್ದಾರೆ. ಕಡಿಮೆ ಗೌರವಧನಕ್ಕೆ ಫಾರಂ ತುಂಬಿಸುವ ಕೆಲಸದಲ್ಲೇ ಇವರ ದಿನ ಮುಗಿಯುತ್ತದೆ. ಇವರಿಗೆ ಹಿಗ್ಗಿಸುವ ವ್ಯಾಯಾಮದ ತರಬೇತಿ ಕೊಡಿ, ಜೊತೆಗೆ ಬದುಕಲು ಸಾಲುವಷ್ಟು ಸಂಬಳವನ್ನೂ ಕೊಡಿ. ತಿಂಗಳಿಗೊಮ್ಮೆ ಮನೆಗೆ ಬಂದು ‘ಅಮ್ಮಾ, ಮಂಡಿ ಸ್ವಲ್ಪ ಬಿಗಿದಿದೆ, ಆಸ್ಪತ್ರೆಗೆ ತೋರಿಸೋಣ’ ಎನ್ನುವ ಒಬ್ಬರಿದ್ದರೆ ಸಾಕು.

ನಾಲ್ಕನೆಯದು, ಅಳತೆಯ ಕುರ್ಚಿ. ಇಲ್ಲಿ ನಮಗೆ ಭದ್ರಾವತಿ ನೆನಪಾಗುತ್ತದೆ. ಎಂಪಿಎಂ ನಿಂತ ಮೇಲೆ ಮರಗೆಲಸಕ್ಕೆ ಇಳಿದ ಒಬ್ಬರು, ಈ ಹುಡುಗನ ತಂದೆಯ ಪರಿಚಯದವರು, ಒಂದು ಭಾನುವಾರ ಬಂದು ಅಳತೆ ತೆಗೆದುಕೊಂಡು ಹೋದರು. ಫಿಸಿಯೋಥೆರಪಿಸ್ಟ್ ಒಬ್ಬರು ಫೋನಿನಲ್ಲಿ ಎಲ್ಲೆಲ್ಲಿ ಆಸರೆ ಬೇಕೆಂದು ಹೇಳಿದರು. ಪ್ಲೈವುಡ್ ಹಲಗೆ, ಮೇಲೆ ಗಟ್ಟಿ ಫೋಮ್, ಪಕ್ಕೆಗೆ ಎರಡು ಒತ್ತು. ಶಿಬಿರದಲ್ಲಿ ಕೊಟ್ಟ ಅದೇ ಕುರ್ಚಿಯೊಳಗೆ ಅದನ್ನು ಕೂರಿಸಿದರು. ಈಗ ಹುಡುಗ ಒಂದು ಗಂಟೆ ಕೂರುತ್ತಾನೆ. ಬಾಗಿದ ಬೆನ್ನು ನೆಟ್ಟಗಾಗಿಲ್ಲ, ಆದರೆ ಊರುತ್ತಿದ್ದ ಕೈ ಬಿಡುವಾಗಿದೆ. ಉಕ್ಕಿನ ಕಾರ್ಖಾನೆಯ ಊರು, ವೆಲ್ಡಿಂಗ್ ಬಲ್ಲವರ ಊರು ಭದ್ರಾವತಿ. ಆಸ್ಪತ್ರೆ, ಐಟಿಐ ಮತ್ತು ಒಂದು ವರ್ಕ್‌ಶಾಪ್ ಕೈಜೋಡಿಸಿದರೆ ಇಡೀ ಜಿಲ್ಲೆಯ ಮಕ್ಕಳಿಗೆ ನಿಲ್ಲುವ ಚೌಕಟ್ಟು, ಅಳತೆಯ ಸೀಟು ಮಾಡಿಕೊಡುವುದು ದೊಡ್ಡ ಮಾತೇ? ಪಂಚಾಯಿತಿಗಳಲ್ಲಿ ವಿಕಲಚೇತನರಿಗೆಂದು ಮೀಸಲಿಡುವ ಶೇ 5ರ ಹಣವನ್ನು ಇಂಥದ್ದಕ್ಕೆ ಬಳಸಬಾರದೇಕೆ?

ಮನೆಯಲ್ಲಿ ಇಂಥ ಮಗು ಇದ್ದರೆ

ನಾವು ವೈದ್ಯರಲ್ಲ. ಮೇಲಿನದ್ದನ್ನು ಓದಿ ಯಾರೂ ತಾವೇ ಚಿಕಿತ್ಸೆ ಶುರುಮಾಡಬೇಡಿ, ಇದನ್ನು ಹಿಡಿದುಕೊಂಡು ಹೋಗಿ ವೈದ್ಯರನ್ನು ಕೇಳಿ. ಎರಡು ಎಚ್ಚರಿಕೆ ಮಾತ್ರ ಎಲ್ಲರಿಗೂ ಗೊತ್ತಿರಲಿ. ಮಗು ಬಿದ್ದು ಕಾಲು ಮುರಿದರೆ ವಾರಗಟ್ಟಲೆ ಹಾಸಿಗೆಯಲ್ಲಿ ಮಲಗಿಸುವುದರಿಂದ ನಡಿಗೆ ಶಾಶ್ವತವಾಗಿ ಹೋಗಬಹುದು, ಆದಷ್ಟು ಬೇಗ ಎಬ್ಬಿಸುವ ಚಿಕಿತ್ಸೆ ಸಾಧ್ಯವೇ ಎಂದು ಕೇಳಿ. ಯಾವುದೇ ಶಸ್ತ್ರಚಿಕಿತ್ಸೆಗೆ, ಹಲ್ಲಿನದ್ದಾದರೂ ಸರಿ, ಅರಿವಳಿಕೆ ಕೊಡುವ ಮೊದಲು ಕಾಯಿಲೆಯ ಹೆಸರನ್ನು ತಪ್ಪದೆ ಹೇಳಿ. ಸಕ್ಸಿನೈಲ್‌ಕೋಲಿನ್ ಎಂಬ ಔಷಧ ಮತ್ತು ಮೂಗಿನಿಂದ ಕೊಡುವ ಕೆಲವು ಅರಿವಳಿಕೆ ಅನಿಲಗಳು ಈ ಮಕ್ಕಳ ಹೃದಯವನ್ನೇ ನಿಲ್ಲಿಸಬಲ್ಲವು. ಒಂದು ಚೀಟಿಯಲ್ಲಿ ಬರೆದು ಯುಡಿಐಡಿ ಕಾರ್ಡಿನ ಜೊತೆ ಇಟ್ಟುಕೊಳ್ಳಿ.

ಕಳೆದ ವಾರ ಮತ್ತೆ ಆ ಮನೆಗೆ ಹೋಗಿದ್ದೆವು. ಚಿಕ್ಕವನ ರಕ್ತಪರೀಕ್ಷೆ ಬಂದಿದೆ. ಅವನಿಗೂ ಇದೆ. ತಾಯಿ ಅತ್ತು ಮುಗಿಸಿದ್ದರು, ನಾವು ಹೋಗುವ ಹೊತ್ತಿಗೆ ಚಾಪೆ ಹಾಸಿದ್ದರು. ಫಿಸಿಯೋಥೆರಪಿಸ್ಟ್ ಕಲಿಸಿಕೊಟ್ಟಿದ್ದನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿದ್ದಾರೆ. ಚಿಕ್ಕವನಿಗೆ ರಾತ್ರಿ ಸ್ಪ್ಲಿಂಟ್‌ಗೆ ಅಳತೆ ಕೊಟ್ಟಾಗಿದೆ. ಅವನು ಮಲಗಲು ಒಪ್ಪದೆ ಓಡುತ್ತಿದ್ದ. ಅಣ್ಣ ಕುರ್ಚಿಯಲ್ಲಿ ಕೂತೇ ಗದರಿದ: “ಬಾರೋ, ನಾನು ಎಣಿಸ್ತೀನಿ. ಇಪ್ಪತ್ತು ಅಷ್ಟೇ.”

ಅವನು ಬಂದು ಮಲಗಿದ. ಅಣ್ಣ ಎಣಿಸತೊಡಗಿದ.

ಈ ಎಣಿಕೆಗೆ ಮಧ್ಯೆ ಬಿಡುವು ಬರಬಾರದು. ಮನೆಯೊಳಗೆ ಅಮ್ಮ ಬಿಡುವುದಿಲ್ಲ, ಅದು ನಮಗೆ ಗೊತ್ತು. ಹೊರಗೆ ಎಣಿಸಬೇಕಾದವರು ಆಸ್ಪತ್ರೆಯವರು, ಶಾಲೆಯವರು, ಪಂಚಾಯಿತಿಯವರು, ಮತ್ತು ‘ವಿಚಿತ್ರ ಕಾಯಿಲೆ’ ಎಂದು ಬರೆದು ಕೈತೊಳೆದುಕೊಂಡ ನಾವು. ಚಿಕ್ಕವನ ಬೆನ್ನು ಇನ್ನೂ ನೆಟ್ಟಗಿದೆ. ನಿಮ್ಮ ಊರಲ್ಲೂ ಇಂಥ ಮಗು ಇದ್ದರೆ ಆ ಮನೆಗೆ ಹೋಗಿ ಇಷ್ಟನ್ನು ಓದಿ ಹೇಳಿ. ನಾವು ಮೂರು ವರ್ಷ ತಡವಾಗಿ ಹೇಳುತ್ತಿದ್ದೇವೆ, ನೀವು ತಡ ಮಾಡಬೇಡಿ.